ಮಾತಿನ ಪಕ್ಕದಲ್ಲಿ ನಿಂತ ಮನುಷ್ಯ

ಕೊಟ್ಟ ಮಾತು ಯಾರ ಸೊತ್ತು? ಕೊಟ್ಟವನದೋ, ಪಡೆದವನದೋ? ಸಾಲವಾಗಿ ಕೊಟ್ಟ ಹಣದ ವಿಷಯದಲ್ಲಿ ಇಂಥ ಸಂದೇಹಕ್ಕೆ ಎಡೆಯಿಲ್ಲ. ಅದಕ್ಕೆ ಪತ್ರವಿದೆ, ಸಾಕ್ಷಿಗಳಿದ್ದಾರೆ, ನ್ಯಾಯಸ್ಥಾನವಿದೆ. ಮಾತಿಗಾದರೋ ಇವೊಂದೂ ಇಲ್ಲ. ಬಾಯಿಂದ ಹೊರಟು ಗಾಳಿಯಲ್ಲಿ ಕರಗಿಹೋಗುವ ಧ್ವನಿಯೊಂದನ್ನು ನಂಬಿ ಒಬ್ಬನು ಹೊಲ ಬಿತ್ತುತ್ತಾನೆ, ಮತ್ತೊಬ್ಬನು ಮಗಳ ಲಗ್ನವನ್ನು ನಿಶ್ಚಯಿಸುತ್ತಾನೆ, ಇನ್ನೊಬ್ಬನು ಯುದ್ಧಕ್ಕೇ ಹೊರಡುತ್ತಾನೆ. ಹೀಗಿರಲು ಆ ಧ್ವನಿಯನ್ನು ಹೊರಡಿಸಿದವನ ಹೊಣೆ ಎಷ್ಟು? ಪರಿಸ್ಥಿತಿ ಬದಲಾದ ಮೇಲೂ, ಆಡಿದ್ದು ಅನುಚಿತವೆಂದು ತಿಳಿದ ಮೇಲೂ, ಕೇಳಿಸಿಕೊಂಡವನು ಸತ್ತೇ ಹೋದ ಮೇಲೂ ಅದನ್ನು ಸಲ್ಲಿಸಲೇಬೇಕೆ?

ಈ ಪ್ರಶ್ನೆಯನ್ನು ಕೇಳಿಕೊಳ್ಳದ ಜನಾಂಗವಿಲ್ಲ. ಆದರೆ ಚೀನೀಯರು ಅದನ್ನು ಒಂದೇ ಒಂದು ಅಕ್ಷರದಲ್ಲಿ ಅಡಗಿಸಿಟ್ಟಿದ್ದಾರೆ. ಅದರ ಉಚ್ಚಾರಣೆ ‘ಶಿನ್’. ಧ್ವನಿಯನ್ನು ಮೇಲಿನಿಂದ ಕೆಳಕ್ಕೆ ಇಳಿಸಿ ನುಡಿಯಬೇಕು. ಕುಂಚದ ಒಂಬತ್ತು ಗೀಟುಗಳಲ್ಲಿ ಮುಗಿಯುವ ಅಕ್ಷರವಿದು. ಎಡಗಡೆಯ ಎರಡು ಗೀಟುಗಳು ‘ಮನುಷ್ಯ’ ಎಂಬುದರ ಚಿಹ್ನೆ. ಬಲಗಡೆಯ ಏಳು ಗೀಟುಗಳು ‘ಮಾತು’ ಎಂಬ ಅಕ್ಷರ. ಅದರ ತಳದಲ್ಲಿ ಬಾಯಿಯನ್ನು ಸೂಚಿಸುವ ಚಿಕ್ಕ ಚೌಕವೊಂದು ಇರುತ್ತದೆ. ಮನುಷ್ಯನೂ ಮಾತೂ ಅಕ್ಕಪಕ್ಕದಲ್ಲಿ ನಿಂತರೆ ‘ಶಿನ್’ ಆಯಿತು: ನಂಬಿಕೆ, ನಂಬಿಕೆಗೆ ಅರ್ಹತೆ, ಆಡಿದಂತೆ ನಡೆಯುವಿಕೆ. ಕನ್ನಡದಲ್ಲಿ ಇದಕ್ಕೆ ಒಂದೇ ಶಬ್ದವನ್ನು ಹುಡುಕುವುದು ಕಷ್ಟ. ‘ವಿಶ್ವಾಸ’ ಎಂದರೆ ಕೇಳುವವನ ಕಡೆಯ ಅರ್ಥ ಮಾತ್ರ ಬರುತ್ತದೆ. ‘ಸತ್ಯಸಂಧತೆ’ ಎಂದರೆ ಹೇಳುವವನ ಕಡೆಯದು ಮಾತ್ರ. ಶಿನ್ ಎರಡೂ ದಂಡೆಗಳನ್ನು ಮುಟ್ಟುವ ಸೇತುವೆಯಂಥದು.

ಅಕ್ಷರದ ಮೂಲವನ್ನು ಸ್ವಲ್ಪ ವಿಚಾರಿಸೋಣ. ಹಾನ್ ವಂಶದ ಆಳ್ವಿಕೆಯಲ್ಲಿ ಶೂ ಷೆನ್ ಎಂಬ ವಿದ್ವಾಂಸನಿದ್ದನು. ಅವನು 9353 ಅಕ್ಷರಗಳನ್ನು 540 ವರ್ಗಗಳಾಗಿ ವಿಂಗಡಿಸಿ, ಒಂದೊಂದರ ರಚನೆಯನ್ನೂ ವಿವರಿಸುವ ಮಹಾಕೋಶವೊಂದನ್ನು ಕ್ರಿ. ಶ. 100ರಲ್ಲಿ ಪೂರೈಸಿದನು. ಕ್ರಿ. ಶ. 121ರಲ್ಲಿ ಅವನ ಮಗನು ಅದನ್ನು ಚಕ್ರವರ್ತಿಗೆ ಅರ್ಪಿಸಿದನೆಂದು ತಿಳಿದುಬರುತ್ತದೆ. ಆ ಕೋಶದಲ್ಲಿ ಶಿನ್ ಎಂದರೆ ಪ್ರಾಮಾಣಿಕತೆ, ಮನುಷ್ಯ ಮತ್ತು ಮಾತು ಸೇರಿ ಆದ ಅಕ್ಷರ ಎಂದಿದೆ. ಅಷ್ಟಕ್ಕೇ ನಿಲ್ಲದೆ ಶೂ ಷೆನ್ ತನಗೆ ದೊರೆತ ಎರಡು ಹಳೆಯ ರೂಪಗಳನ್ನೂ ಬರೆದಿಟ್ಟಿದ್ದಾನೆ. ಒಂದರಲ್ಲಿ ಮನುಷ್ಯನ ಪಕ್ಕದಲ್ಲಿ ಬರಿಯ ಬಾಯಿ ಇದೆ. ಇನ್ನೊಂದರಲ್ಲಿ ಮನುಷ್ಯನೇ ಇಲ್ಲ. ಮಾತಿನ ಪಕ್ಕದಲ್ಲಿ ಹೃದಯವಿದೆ. ಈ ಎರಡನೆಯ ರೂಪವನ್ನು ವಾಚಕರು ದಯಮಾಡಿ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಮುಂದೆ ಅದರ ಪ್ರಯೋಜನ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಚೀನೀ ಅಕ್ಷರಗಳನ್ನು ಒಡೆದು ಅವುಗಳೊಳಗಿನಿಂದ ನೀತಿಕಥೆಗಳನ್ನು ಹೊರತೆಗೆಯುವುದು ಬಹಳ ಸುಲಭ, ಬಹಳ ರುಚಿಕರ, ಮತ್ತು ಅನೇಕ ವೇಳೆ ತಪ್ಪು. ಆ ಅಕ್ಷರಗಳಲ್ಲಿ ಬಹುಪಾಲು ಒಂದು ಭಾಗ ಅರ್ಥಕ್ಕೂ ಇನ್ನೊಂದು ಭಾಗ ಕೇವಲ ಉಚ್ಚಾರಣೆಯ ಸುಳಿವಿಗೂ ಬಂದು ಕೂಡಿದವು. ಶಿನ್ ಅಕ್ಷರದಲ್ಲಿಯೂ ‘ಮನುಷ್ಯ’ ಎಂಬ ಭಾಗ ಮೊದಲಿಗೆ ಧ್ವನಿಸೂಚಕವಾಗಿಯೇ ಬಂದಿರಬೇಕೆಂದು ಆಧುನಿಕ ಲಿಪಿಶಾಸ್ತ್ರಜ್ಞರಲ್ಲಿ ಅನೇಕರ ಅಭಿಪ್ರಾಯ. ಪ್ರಾಚೀನ ಕಾಲದಲ್ಲಿ ಆ ಎರಡು ಶಬ್ದಗಳ ಉಚ್ಚಾರಣೆ ಹತ್ತಿರವಾಗಿದ್ದಿತು. ಇದನ್ನು ಒಪ್ಪಲು ನಮಗೆ ಅಡ್ಡಿಯಿಲ್ಲ. ಲಿಪಿಕಾರನ ಉದ್ದೇಶ ಏನೇ ಇರಲಿ, ಸುಮಾರು ಎರಡು ಸಾವಿರ ವರ್ಷಗಳಿಂದ ಆ ದೇಶದ ಓದುಬಲ್ಲವರು ಈ ಅಕ್ಷರವನ್ನು ಮಾತಿನ ಪಕ್ಕದಲ್ಲಿ ನಿಂತ ಮನುಷ್ಯನೆಂದೇ ಕಂಡಿದ್ದಾರೆ. ಹುಟ್ಟು ಹೇಗೇ ಆಗಿರಲಿ, ಬೆಳೆದ ಬಾಳನ್ನು ಅಲ್ಲಗಳೆಯಲಾಗದು.

ಆ ಬಾಳು ವಿಚಿತ್ರವಾದುದು. ಕ್ರಿಸ್ತಪೂರ್ವದ ಯುದ್ಧನಿರತ ರಾಜ್ಯಗಳ ಕಾಲದ ಖಾಸಗಿ ಮುದ್ರೆಗಳ ಮೇಲೆ ಈ ಅಕ್ಷರ ಕೊರೆದಿರುವುದು ಕಾಣುತ್ತದೆ. ಮುದ್ರೆ ಬಿದ್ದ ಪತ್ರ ನಂಬತಕ್ಕದ್ದು ಎಂಬುದು ಅಭಿಪ್ರಾಯ. ನಂಬಿಕೆಯ ಗುರುತನ್ನು ಹೊತ್ತು ತರುವವನು ದೂತನಷ್ಟೆ? ಆದುದರಿಂದ ಮುಂದೆ ದೂತನಿಗೇ ಶಿನ್ ಎಂಬ ಹೆಸರಾಯಿತು. ಕ್ರಿ. ಶ. 383ರಲ್ಲಿ ಫೇ ನದಿಯ ಬಳಿ ಉತ್ತರದ ದೊಡ್ಡ ಸೈನ್ಯಕ್ಕೂ ದಕ್ಷಿಣದ ಚಿಕ್ಕ ಸೈನ್ಯಕ್ಕೂ ಯುದ್ಧವಾಯಿತು. ದಕ್ಷಿಣದ ಮಂತ್ರಿ ಶಿಯೆ ಆನ್ ಅತಿಥಿಯೊಬ್ಬನೊಡನೆ ಹಲಗೆಯಾಟ ಆಡುತ್ತಿದ್ದಾಗ ರಣರಂಗದಿಂದ ‘ಶಿನ್’ ಬಂದನು. ಮಂತ್ರಿ ಅವನು ತಂದ ಓಲೆಯನ್ನು ಓದಿ, ಏನೂ ಹೇಳದೆ ಮತ್ತೆ ಆಟಕ್ಕೆ ತಿರುಗಿದನು. ಅತಿಥಿ ಕೇಳಿದ ಮೇಲಷ್ಟೆ ಮನೆಯ ಹುಡುಗರು ಶತ್ರುವನ್ನು ಮುರಿದರೆಂದು ಮೆಲ್ಲಗೆ ತಿಳಿಸಿದನು. ಈ ಪ್ರಸಂಗವನ್ನು ಹೇಳುವ ಐದನೆಯ ಶತಮಾನದ ಗ್ರಂಥದಲ್ಲಿ ಓಲೆಗೆ ಬೇರೆ ಶಬ್ದವಿದೆ. ಶಿನ್ ಎಂದರೆ ತಂದ ಮನುಷ್ಯ. ಕಾಲಕ್ರಮದಲ್ಲಿ ಮನುಷ್ಯ ಮರೆಯಾಗಿ, ಅವನು ತಂದ ಸುದ್ದಿ ಶಿನ್ ಆಯಿತು. ಬಳಿಕ ಸುದ್ದಿಯನ್ನು ಬರೆದ ಕಾಗದವೇ ಶಿನ್ ಆಯಿತು.

ಇಂದು ಚೀನದ ಬೀದಿಯಲ್ಲಿ ಈ ಅಕ್ಷರ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಅಂಚೆಪೆಟ್ಟಿಗೆ ಎಂದರೆ ‘ಶಿನ್ ಪೆಟ್ಟಿಗೆ’. ಲಕೋಟೆ ಎಂದರೆ ಶಿನ್ ಅನ್ನು ಮುಚ್ಚುವಂಥದು. ಸಂಕೇತದೀಪ, ಬ್ಯಾಂಕಿನ ಸಾಲ, ಕ್ರೆಡಿಟ್ ಕಾರ್ಡು, ಮೊಬೈಲ್ ಫೋನಿನ ಕಿರುಸಂದೇಶ, ಗಣಕಯಂತ್ರದ ಮಾಹಿತಿ, ಎಲ್ಲದರಲ್ಲಿಯೂ ಅದು ಕುಳಿತಿದೆ. 2011ರಲ್ಲಿ ಆರಂಭವಾಗಿ, ಇಂದು ಚೀನೀಯರು ಹರಟುವುದಕ್ಕೂ ತರಕಾರಿಯ ಹಣ ಕೊಡುವುದಕ್ಕೂ ಬಳಸುವ ‘ವೇಶಿನ್’ ಎಂಬ ದೂರವಾಣಿ ಸೌಕರ್ಯದ ಹೆಸರಿಗೆ ‘ಸೂಕ್ಷ್ಮವಾದ ಶಿನ್’ ಎಂದೇ ಅರ್ಥ. ದಾರಿತಪ್ಪಿದ ಶಿನ್ ಎಂದರೆ ಮೂಢನಂಬಿಕೆ. ಚಳಿಗಾಲದ ಕೊನೆಯಿಂದ ವಸಂತದ ಅಂತ್ಯದವರೆಗೆ ಒಂದೊಂದು ಹೂವಿನ ಆಗಮನವನ್ನು ಸಾರುವ 24 ಗಾಳಿಗಳನ್ನು ಅವರು ‘ಹೂವಿನ ಶಿನ್ ಗಾಳಿ’ಗಳೆಂದು ಎಣಿಸಿದ್ದಾರೆ, ನಿಸರ್ಗವು ವರ್ಷಂಪ್ರತಿ ತಪ್ಪದೆ ಮಾತು ಉಳಿಸಿಕೊಳ್ಳುತ್ತದೆಂಬ ಭಾವ ಎಷ್ಟು ಸೊಗಸಾಗಿದೆ! ಆದರೆ ‘ಬಾಯಿಗೆ ಶಿನ್ ಕೊಟ್ಟು’ ಮಾತನಾಡುವುದು ಎಂದರೆ ಬಾಯಿಗೆ ಬಂದಂತೆ ಹರಟುವುದು. ಬಾಯಿಯನ್ನು ನಂಬಿ ಅದರ ಪಾಡಿಗೆ ಬಿಟ್ಟುಬಿಟ್ಟರೆ ಏನಾಗುವುದೋ ಅದು. ಇನ್ನು ಪಾಷಾಣಕ್ಕೂ ಅವರ ವೈದ್ಯರು ‘ಶಿನ್ ಕಲ್ಲು’ ಎಂದು ಹೇಳುವುದುಂಟು. ಅದರಲ್ಲಿ ತತ್ತ್ವವೇನೂ ಇಲ್ಲ, ಶಿನ್‌ಜೌ ಎಂಬ ಸೀಮೆಯಲ್ಲಿ ದೊರೆಯುತ್ತಿದ್ದುದರಿಂದ ಬಂದ ಹೆಸರು.

ನಮ್ಮ ದೇಶಕ್ಕೂ ಈ ಅಕ್ಷರಕ್ಕೂ ಹಳೆಯ ನಂಟಿದೆ. ಬೌದ್ಧ ಗ್ರಂಥಗಳು ಚೀನಕ್ಕೆ ಹೋದಾಗ ‘ಶ್ರದ್ಧಾ’ ಎಂಬ ಸಂಸ್ಕೃತ ಶಬ್ದಕ್ಕೆ ಭಾಷಾಂತರಕಾರರು ಆರಿಸಿಕೊಂಡದ್ದು ಇದನ್ನೇ. ಆ ಭಾಷಾಂತರಕಾರರಲ್ಲಿ ಅಗ್ರಗಣ್ಯನಾದ ಕುಮಾರಜೀವನು ಕ್ರಿ. ಶ. 401ರಲ್ಲಿ ಚಾಂಗ್‌ಆನ್ ನಗರವನ್ನು ಸೇರಿದನು. ಅವನ ತಂದೆ ಭಾರತೀಯ ಮೂಲದವನು. ತನ್ನ ಅನುವಾದದಲ್ಲಿ ದೋಷವಿಲ್ಲದಿದ್ದರೆ ದೇಹ ಸುಟ್ಟರೂ ನಾಲಗೆ ಸುಡದಿರಲಿ ಎಂದು ಅವನು ನುಡಿದಿದ್ದನೆಂದೂ, ಚಿತೆ ಆರಿದ ಮೇಲೆ ನಾಲಗೆ ಹಾಗೆಯೇ ಉಳಿದಿತ್ತೆಂದೂ ಐತಿಹ್ಯ. ಐತಿಹ್ಯವನ್ನು ನಂಬುವುದೂ ಬಿಡುವುದೂ ಅವರವರಿಗೆ ಬಿಟ್ಟದ್ದು. ಹದಿನೈದು ಶತಮಾನಗಳ ತರುವಾಯ, 1898ರಲ್ಲಿ, ಹಕ್ಸ್‌ಲೀಯ ಗ್ರಂಥವೊಂದನ್ನು ಚೀನೀ ಭಾಷೆಗೆ ತಂದ ಯೆನ್ ಫೂ ಭಾಷಾಂತರದ ಮೂರು ಕಷ್ಟಗಳನ್ನು ಹೇಳುವಾಗ ಶಿನ್ ಅನ್ನೇ ಮೊದಲಿಟ್ಟನು; ಸುಬೋಧತೆ, ಸೊಗಸು ಅದರ ಅನಂತರ. ಪರರ ಮಾತನ್ನು ಆಡುವವನಿಗೂ ಆ ಮಾತಿನ ಪಕ್ಕದಲ್ಲಿ ನಿಲ್ಲುವ ಹೊಣೆ ಇದೆಯೆಂದಂತಾಯಿತು.

ಇನ್ನು ಮೂಲಪ್ರಶ್ನೆಗೆ ಬರೋಣ. ಕನ್ಫ್ಯೂಷಿಯಸನನ್ನು ಶಿಷ್ಯ ಜಿ ಗೊಂಗ್ ರಾಜ್ಯಭಾರದ ವಿಷಯವಾಗಿ ಕೇಳಿದನು. ಸಾಕಷ್ಟು ಧಾನ್ಯ, ಸಾಕಷ್ಟು ಆಯುಧ, ಪ್ರಜೆಗಳ ಶಿನ್ — ಈ ಮೂರು ಬೇಕೆಂದು ಗುರು ಹೇಳಿದನು. ಅನಿವಾರ್ಯವಾದರೆ ಮೊದಲು ಯಾವುದನ್ನು ಬಿಡಬೇಕು? ಆಯುಧವನ್ನು. ಉಳಿದ ಎರಡರಲ್ಲಿ? ಧಾನ್ಯವನ್ನು. ಸಾವು ಎಂದೆಂದಿಗೂ ಎಲ್ಲರಿಗೂ ಇದ್ದದ್ದೇ. ಶಿನ್ ಇಲ್ಲದೆ ಪ್ರಜೆಗಳು ನಿಲ್ಲಲಾರರು ಎಂಬುದು ಅವನ ಸಮಾಧಾನ. ಹಸಿದವರ ಮುಂದೆ ಈ ಮಾತು ಕಠೋರವಾಗಿ ಕೇಳಿಸುತ್ತದೆ. ಆದರೆ ಕ್ಷಾಮದ ಕಾಲದಲ್ಲಿ ಉಳಿದ ನಾಲ್ಕು ಸೇರು ಧಾನ್ಯವನ್ನು ಹಂಚಿಕೊಳ್ಳುವುದಕ್ಕೂ ಹಂಚುವವನ ಮೇಲೆ ನಂಬಿಕೆ ಬೇಕಲ್ಲವೆ? ಅದು ಹೋದರೆ ಇರುವ ಧಾನ್ಯವೂ ಜನರನ್ನು ಮುಟ್ಟದು. ಗುರುವಿನ ಇನ್ನೊಂದು ಹೋಲಿಕೆ ಹೆಚ್ಚು ಮನೆಮಾತಿನದು: ಶಿನ್ ಇಲ್ಲದ ಮನುಷ್ಯ ನೊಗಕ್ಕೂ ಮೂಕಿಗೂ ನಡುವೆ ಇರುವ ಗೂಟ ಕಳಚಿದ ಬಂಡಿಯಂತೆ. ಎತ್ತು ಇದೆ, ಗಾಲಿ ಇದೆ, ಹೊರೆಯೂ ಇದೆ; ಎಳೆದರೆ ಎತ್ತು ಮಾತ್ರ ಮುಂದೆ ಹೋಗುತ್ತದೆ.

ರಾಜ್ಯಕ್ಕೆ ಪ್ರಜೆಗಳ ನಂಬಿಕೆ ಬೇಕೆಂಬುದನ್ನು ಕನ್ಫ್ಯೂಷಿಯಸನ ವಿರೋಧಿಗಳೂ ಬಲ್ಲವರಾಗಿದ್ದರು. ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಚಿನ್ ರಾಜ್ಯದ ಮಂತ್ರಿ ಷಾಂಗ್ ಯಾಂಗ್ ಹೊಸ ಕಠಿಣ ಶಾಸನಗಳನ್ನು ಸಿದ್ಧಪಡಿಸಿದನು. ಜನರು ನಂಬುವರೋ ಇಲ್ಲವೋ ಎಂದು ಸಂದೇಹ ಬಂದು, ಪೇಟೆಯ ದಕ್ಷಿಣದ ಬಾಗಿಲಲ್ಲಿ ಇಪ್ಪತ್ತು ಅಡಿಗೂ ಮೀರಿದ ಮರದ ಕಂಬವೊಂದನ್ನು ನಿಲ್ಲಿಸಿ, ಅದನ್ನು ಉತ್ತರದ ಬಾಗಿಲಿಗೆ ಸಾಗಿಸಿದವನಿಗೆ ಹತ್ತು ಹೊನ್ನು ಕೊಡುವುದಾಗಿ ಸಾರಿದನು. ಇಷ್ಟು ಹಗುರ ಕೆಲಸಕ್ಕೆ ಇಷ್ಟು ಹಣವೇ ಎಂದು ಯಾರೂ ಮುಟ್ಟಲಿಲ್ಲ. ಐವತ್ತು ಹೊನ್ನು ಎಂದನು. ಒಬ್ಬನು ಸಾಗಿಸಿದನು, ಐವತ್ತು ಹೊನ್ನೂ ಕೂಡಲೆ ಅವನ ಕೈಸೇರಿತು. ಸರ್ಕಾರ ಹೇಳಿದಂತೆ ಮಾಡುತ್ತದೆಂದು ಊರೆಲ್ಲ ಅರಿಯಿತು. ಶಾಸನಗಳು ಹೊರಬಿದ್ದವು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಷಾಂಗ್ ಯಾಂಗನನ್ನು ಕೊಂಡಾಡುವವರಿದ್ದಾರೆ. ಆದರೆ ಸೀಮಾ ಚಿಯೆನ್ ಎಂಬ ಮಹಾ ಇತಿಹಾಸಕಾರನು ನಿಲ್ಲಿಸಲಿಲ್ಲ. ಕ್ರಿ. ಪೂ. 340ರಲ್ಲಿ ಇದೇ ಮಂತ್ರಿ ನೆರೆಯ ವೇ ರಾಜ್ಯದ ಮೇಲೆ ದಂಡೆತ್ತಿ ಹೋದನು. ಎದುರು ಪಡೆಯ ನಾಯಕ ರಾಜಕುಮಾರ ಆಂಗ್ ಅವನ ಹಳೆಯ ಮಿತ್ರ. ಹಿಂದಿನ ಸ್ನೇಹವನ್ನು ನೆನಪಿಸಿ, ಶಪಥ ಮಾಡಿ ಸಂಧಿ ಮಾಡಿಕೊಳ್ಳೋಣ ಬಾ ಎಂದು ಷಾಂಗ್ ಯಾಂಗ್ ಬರೆದನು. ಮಿತ್ರನು ನಂಬಿ ಬಂದನು. ಸಂಧಿಯಾಯಿತು, ಪಾನಗೋಷ್ಠಿ ನಡೆಯಿತು, ಅಡಗಿದ್ದ ಭಟರು ಎದ್ದು ಅವನನ್ನು ಸೆರೆಹಿಡಿದರು. ಎರಡು ವರ್ಷಗಳ ಬಳಿಕ ತನ್ನ ಅರಸನು ತೀರಿಕೊಂಡು ಷಾಂಗ್ ಯಾಂಗ್ ಪ್ರಾಣಭಯದಿಂದ ಓಡಿದಾಗ, ಗುರುತಿನ ಪತ್ರವಿಲ್ಲದವರಿಗೆ ಇಂಬು ಕೊಟ್ಟರೆ ಮಂತ್ರಿ ಷಾಂಗನ ಕಾನೂನಿನಂತೆ ಶಿಕ್ಷೆಯಾಗುತ್ತದೆಂದು ಛತ್ರದವನು ಬಾಗಿಲು ತೆರೆಯಲಿಲ್ಲ. ವೇ ರಾಜ್ಯಕ್ಕೆ ಓಡಿದರೆ, ರಾಜಕುಮಾರ ಆಂಗನನ್ನು ವಂಚಿಸಿದವನೆಂದು ಅವರೂ ಒಳಗೆ ಬಿಡಲಿಲ್ಲ. ಕಂಬಕ್ಕೆ ಕೊಟ್ಟ ಮಾತನ್ನು ಉಳಿಸಿಕೊಂಡವನು ಗೆಳೆಯನಿಗೆ ಕೊಟ್ಟದ್ದನ್ನು ಉಳಿಸಿಕೊಳ್ಳಲಿಲ್ಲ. ಎರಡೂ ಸಲ ಅವನು ಮಾತನ್ನು ಉಪಕರಣವಾಗಿ ಬಳಸಿದನು. ಕೆಲಸ ಮುಗಿದ ಮೇಲೆ ಉಪಕರಣವನ್ನು ಕೆಳಗಿಡುವುದು ಸ್ವಾಭಾವಿಕ.

ಈ ಕಂಬದ ವಿದ್ಯೆ ಇಂದಿಗೂ ಸತ್ತಿಲ್ಲ. 2013ರಲ್ಲಿ ಚೀನದ ಸರ್ವೋಚ್ಚ ಜನತಾ ನ್ಯಾಯಾಲಯವು, ಶಕ್ತಿಯಿದ್ದೂ ತೀರ್ಪಿನಂತೆ ಹಣ ಸಲ್ಲಿಸದವರ ಹೆಸರುಗಳನ್ನು ಬಹಿರಂಗವಾಗಿ ಪ್ರಕಟಿಸುವ ಪದ್ಧತಿಯನ್ನು ಜಾರಿಗೆ ತಂದಿತು. ಆ ಯಾದಿಯ ಹೆಸರಿನಲ್ಲಿ ನಮ್ಮ ಅಕ್ಷರವಿದೆ: ‘ಶಿನ್ ಕಳೆದುಕೊಂಡವರು’. ಅದರಲ್ಲಿ ಸೇರಿದವರಿಗೆ ವಿಮಾನದ ಟಿಕೆಟ್ಟೂ ಅತಿವೇಗದ ರೈಲಿನ ಟಿಕೆಟ್ಟೂ ದೊರೆಯುವುದಿಲ್ಲ. ಮರುವರ್ಷ ಅಲ್ಲಿನ ಸರ್ಕಾರವು 2020ರವರೆಗೆ ದೇಶದಾದ್ಯಂತ ಇಂಥ ವ್ಯವಸ್ಥೆಯನ್ನು ಕಟ್ಟುವ ಯೋಜನೆಯನ್ನು ಪ್ರಕಟಿಸಿತು. ಸಾಲ ಕೊಟ್ಟು ಕೆಟ್ಟವರಿಗೆ ಇದರಿಂದ ಉಪಕಾರವಾಗಿದ್ದರೆ ನಾವು ಅಸೂಯೆಪಡಬೇಕಾಗಿಲ್ಲ. ಹಣವಿಟ್ಟುಕೊಂಡು ಕೈಯೆತ್ತುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಆದರೆ ರೈಲು ಹತ್ತಲಾಗದೆಂದು ಬಾಕಿ ತೀರಿಸಿದವನು ಹಣವನ್ನು ಹಿಂದಿರುಗಿಸಿದನೇ ಹೊರತು ಶಿನ್ ಅನ್ನು ಪಡೆದನೆನ್ನಲು ನನಗೆ ಮನಸ್ಸು ಬಾರದು. ಅಲ್ಲಿ ಮಾತಿನ ಪಕ್ಕದಲ್ಲಿ ನಿಂತಿರುವುದು ಪಹರೆಯವನು.

ಹಾಗಾದರೆ ಯಾರ ಒತ್ತಾಯವೂ ಇಲ್ಲದೆ, ಪ್ರಾಣ ಹೋದರೂ ಸರಿ, ಆಡಿದ ಅಕ್ಷರಕ್ಕೆ ತಪ್ಪದೆ ನಡೆಯುವುದೇ ಶಿನ್ ಎನ್ನೋಣವೆ? ವೇಷೆಂಗ್ ಎಂಬ ಯುವಕನು ಸೇತುವೆಯ ಕೆಳಗೆ ಬಂದು ಕಾಣುವುದಾಗಿ ಹುಡುಗಿಯೊಬ್ಬಳಿಗೆ ಮಾತು ಕೊಟ್ಟಿದ್ದನು. ಅವಳು ಬರಲಿಲ್ಲ; ಪ್ರವಾಹ ಬಂದಿತು. ಅವನು ಕದಲದೆ ಸೇತುವೆಯ ಕಂಬವನ್ನು ತಬ್ಬಿಕೊಂಡು ಮುಳುಗಿದನು. ಪ್ರಾಚೀನ ಚೀನದ ಪಂಡಿತರಲ್ಲಿ ಕೆಲವರು ಅವನನ್ನು ವಾಗ್ನಿಷ್ಠೆಯ ಮೂರ್ತಿಯೆಂದು ಹೊಗಳಿದರು. ಜುವಾಂಗ್ ಜಿಯ ಹೆಸರಿನ ಗ್ರಂಥದಲ್ಲಾದರೋ ಅವನು ಹೆಸರಿನ ಆಸೆಗೆ ಪ್ರಾಣ ಚೆಲ್ಲಿದವರ ಸಾಲಿನಲ್ಲಿ ನಿಂತಿದ್ದಾನೆ. ನನಗೆ ಕಾಣುವ ಮಟ್ಟಿಗೆ, ವೇಷೆಂಗ್ ಮಾತನ್ನು ನೆನಪಿಟ್ಟನು, ಮಾತು ಯಾರಿಗೆಂಬುದನ್ನು ಮರೆತನು. ಆ ಹುಡುಗಿ ಮರುದಿನ ಬಂದು ನೋಡಿದಾಗ ಅವಳಿಗೆ ಬೇಕಾಗಿದ್ದುದು ಕಂಬವನ್ನು ತಬ್ಬಿದ ಹೆಣವಲ್ಲ.

ಕನ್ಫ್ಯೂಷಿಯಸನೂ ಇಂಥ ಹಟವನ್ನು ದೊಡ್ಡದೆಂದು ಎಣಿಸಲಿಲ್ಲ. ಯೋಗ್ಯ ಪುರುಷರ ದರ್ಜೆಗಳನ್ನು ಹೇಳುವಾಗ, ಆಡಿದ್ದನ್ನು ಸಾಧಿಸಿಯೇ ತೀರುವ ಕಲ್ಲಿನಂಥ ಗಟ್ಟಿ ಮನುಷ್ಯನನ್ನು ಅವನು ಮೂರನೆಯ ದರ್ಜೆಗೆ ಇಳಿಸಿ, ಸಣ್ಣವನೆಂದೂ ಕರೆದನು. (ಅಂದಿನ ಆಡಳಿತಗಾರರು ಯಾವ ದರ್ಜೆಯವರೆಂದು ಶಿಷ್ಯ ಕೇಳಿದ್ದಕ್ಕೆ, ಸೇರು ಪಾವಿನಲ್ಲಿ ಅಳೆಯುವಂಥವರು, ಲೆಕ್ಕಕ್ಕೇ ಬಾರರು ಎಂದನಂತೆ.) ಮೆನ್ಷಿಯಸ್ ಇನ್ನೂ ಮುಂದೆ ಹೋಗಿ, ಮಹಾಪುರುಷನು ಎಲ್ಲ ಮಾತನ್ನೂ ನಡೆಸಲೇಬೇಕೆಂದಿಲ್ಲ, ಧರ್ಮ ಎಲ್ಲಿದೆಯೋ ಅಲ್ಲಿ ಇದ್ದರಾಯಿತು ಎಂಬ ಅಭಿಪ್ರಾಯ ಕೊಟ್ಟನು. ಸ್ವತಃ ಕನ್ಫ್ಯೂಷಿಯಸನ ಜೀವನದಲ್ಲಿಯೇ ಒಂದು ಪ್ರಸಂಗವಿದೆ. ಪೂ ಎಂಬ ಊರಿನವರು ಅವನನ್ನು ಅಡ್ಡಗಟ್ಟಿ, ವೇ ರಾಜ್ಯಕ್ಕೆ ಹೋಗುವುದಿಲ್ಲವೆಂದು ಶಪಥ ಮಾಡಿದರೆ ಬಿಡುತ್ತೇವೆಂದರು. (ಉಚ್ಚಾರಣೆ ಒಂದೇ ಆದರೂ ಇದು ಷಾಂಗ್ ಯಾಂಗನ ಕಥೆಯ ವೇ ಅಲ್ಲ, ಬೇರೆ.) ಅವನು ಶಪಥ ಮಾಡಿ ಬಿಡುಗಡೆ ಹೊಂದಿ ನೆಟ್ಟಗೆ ವೇ ರಾಜ್ಯಕ್ಕೇ ಹೋದನು. ಶಪಥ ಮುರಿಯಬಹುದೇ ಎಂದು ಜಿ ಗೊಂಗ್ ಬೆರಗಾಗಿ ಕೇಳಿದಾಗ, ಬಲಾತ್ಕಾರದ ಶಪಥವನ್ನು ದೇವತೆಗಳು ಕೇಳಿಸಿಕೊಳ್ಳುವುದಿಲ್ಲ ಎಂದನು.

ಇದನ್ನು ಓದಿದಾಗ ಮನಸ್ಸಿಗೆ ಇರಿಸುಮುರಿಸಾಗುವುದು ಸಹಜ, ಆಗಬೇಕಾದದ್ದೂ ನ್ಯಾಯವೇ. ಕತ್ತಿಯ ಮೊನೆಯಲ್ಲಿ ಆಡಿಸಿದ ಮಾತು ಮಾತಲ್ಲವೆಂಬುದನ್ನು ಒಪ್ಪೋಣ. ಆದರೆ ಯಾವುದು ಬಲಾತ್ಕಾರ, ಯಾವುದು ಧರ್ಮ ಎಂದು ತೀರ್ಮಾನಿಸುವವನು ಯಾರು? ಮಾತು ಕೊಟ್ಟವನೇ! ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾದರೆ, ಸಾಲ ತೀರಿಸಲು ಇಷ್ಟವಿಲ್ಲದವನಿಗೆ ಧರ್ಮವು ಎಲ್ಲಿ ಬೇಕಾದರೂ ಕಾಣಿಸೀತು. ಮೆನ್ಷಿಯಸನ ವಚನವನ್ನು ಮಹಾಪುರುಷರಿಗಿಂತ ಅಲ್ಪಪುರುಷರೇ ಹೆಚ್ಚು ಬಳಸಿಕೊಂಡಾರು. ಕನ್ಫ್ಯೂಷಿಯಸನ ಪರಂಪರೆಯಲ್ಲಿಯೇ ಯೂ ಜಿ ಎಂಬ ಇನ್ನೊಬ್ಬ ಶಿಷ್ಯನು ಈ ಗಂಡಾಂತರವನ್ನು ಕಂಡುಕೊಂಡಿದ್ದನೆಂದು ತೋರುತ್ತದೆ. ಕೊಟ್ಟ ಮಾತು ಧರ್ಮಕ್ಕೆ ಸಮೀಪವಾಗಿದ್ದರೆ ಅದನ್ನು ನಡೆಸಿಕೊಡಲು ಬರುತ್ತದೆ ಎಂಬುದು ಅವನ ನಿಲುವು. ಎಂದರೆ, ವಿವೇಚನೆಯ ಸಮಯ ಮಾತನ್ನು ಮುರಿಯುವಾಗಿನದಲ್ಲ, ಕೊಡುವಾಗಿನದು. ತೂಗುವ ತಕ್ಕಡಿಯನ್ನು ಬಾಯಿಯ ಈಚೆಗೆ ಇಟ್ಟುಕೊಳ್ಳಬೇಕು. ಆಚೆಗೆ ಇಟ್ಟರೆ ಅದನ್ನು ಯಾರಾದರೂ ತಮಗೆ ಬೇಕಾದಂತೆ ವಾಲಿಸಿಕೊಳ್ಳುತ್ತಾರೆ.

ಈಗ ಆ ಹಳೆಯ ರೂಪ, ಮಾತಿನ ಪಕ್ಕದಲ್ಲಿ ಹೃದಯವಿದ್ದುದು, ನೆನಪಿಗೆ ಬರಲಿ. ವೂ ರಾಜ್ಯದ ರಾಜಕುಮಾರ ಜೀ ಝಾ ಕ್ರಿ. ಪೂ. 544ರಲ್ಲಿ ರಾಯಭಾರಿಯಾಗಿ ಉತ್ತರಕ್ಕೆ ಹೊರಟಿದ್ದನು. ದಾರಿಯಲ್ಲಿ ಶೂ ಎಂಬ ಸಣ್ಣ ಸಂಸ್ಥಾನದ ಪ್ರಭು ಅವನ ಖಡ್ಗವನ್ನು ಕಂಡು ಮೆಚ್ಚಿದನು, ಬಾಯಿಬಿಟ್ಟು ಕೇಳಲಿಲ್ಲ. ಜೀ ಝಾ ಅದನ್ನು ಅರಿತನು. ಆದರೆ ರಾಯಭಾರಿಗೆ ಖಡ್ಗವಿಲ್ಲದೆ ಸಲ್ಲದು, ಹಿಂದಿರುಗುವಾಗ ಕೊಡೋಣವೆಂದು ಒಳಗೇ ನಿಶ್ಚಯಿಸಿದನು. ಅವನೂ ಬಾಯಿಬಿಟ್ಟು ಹೇಳಲಿಲ್ಲ. ಮರಳಿ ಬರುವಷ್ಟರಲ್ಲಿ ಆ ಪ್ರಭು ತೀರಿಕೊಂಡಿದ್ದನು. ಜೀ ಝಾ ಖಡ್ಗವನ್ನು ಬಿಚ್ಚಿ ಸಮಾಧಿಯ ಬಳಿಯ ಮರಕ್ಕೆ ತೂಗುಹಾಕಿ ಹೊರಟನು. ಸತ್ತವನಿಗೆ ಕೊಡುವುದೆಂದರೇನು ಎಂದು ಜೊತೆಯವನು ಕೇಳಿದ್ದಕ್ಕೆ, ಮನಸ್ಸಿನಲ್ಲಿ ಆಗಲೇ ಕೊಟ್ಟಾಗಿತ್ತು, ಅವನು ಸತ್ತನೆಂದು ನನ್ನ ಮನಸ್ಸಿಗೆ ನಾನು ದ್ರೋಹ ಬಗೆಯಲೇ ಎಂಬರ್ಥದ ಉತ್ತರ ಕೊಟ್ಟನು. ಇಲ್ಲಿ ಸಾಕ್ಷಿಯಿಲ್ಲ, ಪಡೆಯುವವನಿಲ್ಲ, ಆಡಿದ ಮಾತೂ ಇಲ್ಲ. ಆದರೂ ಸಲ್ಲಬೇಕಾದದ್ದು ಸಂದಿತು. ವೇಷೆಂಗನ ಕಂಬಕ್ಕೂ ಈ ಮರಕ್ಕೂ ಎಷ್ಟು ಅಂತರ! ಅಲ್ಲಿ ಒಂದು ಒಪ್ಪಂದ ಮುಗಿದುಹೋಗಿದ್ದರೂ ಅಂಟಿಕೊಂಡದ್ದು. ಇಲ್ಲಿ ಯಾವ ಒಪ್ಪಂದವೂ ಇಲ್ಲದಿದ್ದರೂ ಇನ್ನೊಬ್ಬನ ಮೌನವಾದ ಆಸೆಯನ್ನು ಕಂಡು, ಅದಕ್ಕೆ ತಾನು ಹೊಣೆಯೆಂದು ಅರಿತದ್ದು.

ಹಾನ್ ಕಾಲದ ಪಂಡಿತರು ಮೆನ್ಷಿಯಸ್ ಹೇಳಿದ ನಾಲ್ಕು ಸದ್ಗುಣಗಳಿಗೆ ಶಿನ್ ಅನ್ನು ಐದನೆಯದಾಗಿ ಸೇರಿಸಿದರು. ಹನ್ನೆರಡನೆಯ ಶತಮಾನದ ಜೂ ಶೀ ಅದನ್ನು ಪಂಚತತ್ತ್ವಗಳಲ್ಲಿ ಮಣ್ಣಿಗೆ ಹೋಲಿಸಿದನು. ಮಣ್ಣಿಗೆ ತನ್ನದೆಂಬ ದಿಕ್ಕಿಲ್ಲ, ತನ್ನದೆಂಬ ಋತುವಿಲ್ಲ. ಉಳಿದವು ನಿಲ್ಲುವುದು ಮಾತ್ರ ಅದರ ಮೇಲೆ.

ಕೊನೆಯದಾಗಿ ಒಬ್ಬ ಮನುಷ್ಯನ ವಿಷಯ ಹೇಳಬೇಕು. ಅವನು ಜಿ ಲೂ, ಕನ್ಫ್ಯೂಷಿಯಸನ ಶಿಷ್ಯರಲ್ಲೆಲ್ಲ ಒರಟ, ಶೂರ. ಕೊಟ್ಟ ಮಾತನ್ನು ಒಂದು ರಾತ್ರಿಯೂ ಬಾಕಿಯಿಟ್ಟು ಮಲಗದವನೆಂದು ಹೆಸರಾದವನು. ಕ್ರಿ. ಪೂ. 481ರಲ್ಲಿ ಕಿರಿ ಜೂ ಎಂಬ ಪುಟ್ಟ ಸಂಸ್ಥಾನದ ಅಧಿಕಾರಿಯೊಬ್ಬನು ತನ್ನ ಒಡೆಯನಿಗೆ ಎರಡು ಬಗೆದು, ಗೌ ಯಿ ಎಂಬ ಸೀಮೆಯನ್ನು ಲೂ ರಾಜ್ಯಕ್ಕೆ ಒಪ್ಪಿಸಲು ಬಂದನು. ಲೂ ರಾಜ್ಯದೊಡನೆ ಶಪಥಪೂರ್ವಕ ಸಂಧಿ ತನಗೆ ಬೇಡ, ಜಿ ಲೂ ಒಬ್ಬನು ಮಾತು ಕೊಟ್ಟರೆ ಸಾಕು ಎಂದನು. ಜಿ ಲೂ ಒಪ್ಪಲಿಲ್ಲ. ರಾಜ್ಯದ ಪ್ರಧಾನ ಜಿ ಕಾಂಗ್ ಅವನ ಸಹಪಾಠಿಯೊಬ್ಬನ ಮೂಲಕ ಹೇಳಿಕಳುಹಿಸಿದನು: ಸಾವಿರ ರಥಗಳ ರಾಜ್ಯದ ಶಪಥವನ್ನು ನಂಬದೆ ನಿನ್ನ ಮಾತನ್ನು ನಂಬುತ್ತಾನೆ, ಇದರಲ್ಲಿ ನಿನಗೆ ಅವಮಾನವೇನು? ವಾಚಕರು ಯೋಚಿಸಬೇಕು, ಮನುಷ್ಯನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಯಾವುದು? ರಾಜ್ಯಕ್ಕೆ ಒಂದು ಹೋರಾಟವಿಲ್ಲದೆ ಒಂದು ಸೀಮೆ ದೊರೆಯುತ್ತಿತ್ತು. ಅವನು ಆಡಬೇಕಾಗಿದ್ದುದು ನಾಲ್ಕು ನುಡಿ.

ಜಿ ಲೂ ಕೊಟ್ಟ ಉತ್ತರದ ತಾತ್ಪರ್ಯವಿದು: ಕಿರಿ ಜೂವಿನೊಡನೆ ಯುದ್ಧವೆಂದರೆ ಕಾರಣ ಕೇಳದೆ ಅದರ ಕೋಟೆಯ ಕೆಳಗೆ ಸಾಯಲು ನಾನು ಸಿದ್ಧ. ಆದರೆ ಆ ಮನುಷ್ಯ ಸ್ವಾಮಿದ್ರೋಹಿ. ನಾನು ಮಾತು ಕೊಟ್ಟು ಅವನ ಇಷ್ಟವನ್ನು ನಡೆಸಿದರೆ ಅವನನ್ನು ಧರ್ಮಿಷ್ಠನೆಂದು ಒಪ್ಪಿದಂತಾಗುತ್ತದೆ. ಅದು ನನ್ನಿಂದಾಗದು.

ಮಾತು ಉಳಿಸಿಕೊಳ್ಳಲು ಪ್ರಾಣ ಕೊಟ್ಟವರ ಕಥೆಗಳು ಎಲ್ಲ ದೇಶಗಳಲ್ಲಿವೆ. ಮಾತಿಗೆ ಬೆಲೆ ಇದ್ದುದರಿಂದಲೇ ಅದನ್ನು ಕೊಡದೆ ಉಳಿದವರ ಕಥೆ ವಿರಳ. ನಾವು ನಿತ್ಯವೂ ಕೊಡುವ ಶಿಫಾರಸುಗಳು, ಹಾಕುವ ಜಾಮೀನು ಸಹಿಗಳು, ದಾಕ್ಷಿಣ್ಯಕ್ಕೆ ‘ಆಗಲಿ, ನೋಡೋಣ’ ಎಂದು ನುಡಿದು ಮರೆಯುವ ಭರವಸೆಗಳು ಈ ಪ್ರಸಂಗದ ಮುಂದೆ ನಾಚಬೇಕಾದಂಥವು. ಮಾತು ತಪ್ಪಿದ್ದೇವೆಂದು ನಮ್ಮನ್ನು ದೂರುವವರಿದ್ದಾರೆ. ಯಾವ ಮಾತನ್ನು ನಾವು ಕೊಡಲೇಬಾರದಾಗಿತ್ತೆಂದು ಕೇಳುವವರು ಯಾರು? ಜಿ ಲೂ ತನ್ನ ಹೆಸರನ್ನು ಎರವಲು ಕೊಡಲಿಲ್ಲ. ಒಳ್ಳೆಯವನೊಬ್ಬನ ವಚನವು ಕೆಟ್ಟ ಕೆಲಸಕ್ಕೆ ಮುದ್ರೆಯಾಗಬಲ್ಲದೆಂಬುದನ್ನು ಆ ಒರಟನು ಬಲ್ಲವನಾಗಿದ್ದನು.

ಮರುವರ್ಷ, ಕ್ರಿ. ಪೂ. 480ರಲ್ಲಿ, ಅವನು ವೇ ರಾಜ್ಯದಲ್ಲಿ ಕೊಂಗ್ ಕುಯಿ ಎಂಬ ಸರದಾರನ ಸೇವೆಯಲ್ಲಿದ್ದಾಗ ಅಲ್ಲಿ ಅರಮನೆಯ ದಂಗೆ ನಡೆದು ಒಡೆಯನು ದಂಗೆಕೋರರ ಕೈಗೆ ಸಿಕ್ಕಿದನು. ಹೊರಗಿದ್ದ ಜಿ ಲೂ ಸುದ್ದಿ ಕೇಳಿ ಒಳಕ್ಕೆ ಧಾವಿಸಿದನು. ಹೊರಗೆ ಬರುತ್ತಿದ್ದ ಸಹಪಾಠಿ ಗಾವ್ ಚಾಯ್ ಎದುರಾಗಿ, ಬಾಗಿಲು ಮುಚ್ಚಿದೆ, ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ತಡೆದನು. ಅವನ ಅನ್ನ ಉಂಡವನು ಅವನ ಕಷ್ಟಕ್ಕೆ ಬೆನ್ನು ತಿರುಗಿಸಲಾರೆನೆಂದು ಜಿ ಲೂ ಒಳಗೆ ಹೋದನು. ಇದಕ್ಕೆ ಅವನು ಯಾರಿಗೂ ಬಾಯಿಮಾತು ಕೊಟ್ಟಿದ್ದನೆಂದು ಗ್ರಂಥದಲ್ಲಿಲ್ಲ. ಲೂ ರಾಜ್ಯದಲ್ಲಿದ್ದ ಕನ್ಫ್ಯೂಷಿಯಸನಿಗೆ ದಂಗೆಯ ಸುದ್ದಿ ಮಾತ್ರ ಮುಟ್ಟಿತು, ಯಾರು ಉಳಿದರು, ಯಾರು ಅಳಿದರು ಎಂಬ ವಿವರ ಇನ್ನೂ ಬಂದಿರಲಿಲ್ಲ. ಎಪ್ಪತ್ತು ದಾಟಿದ ಆ ಮುದುಕ ಗುರು ತನ್ನ ಇಬ್ಬರು ಶಿಷ್ಯರನ್ನೂ ನೆನೆದು, ಚಾಯ್ ಹಿಂದಿರುಗಿ ಬರುತ್ತಾನೆ, ಜಿ ಲೂ ಸಾಯುತ್ತಾನೆ ಎಂದು ಕುಳಿತಲ್ಲಿಯೇ ಹೇಳಿದನು.